ಸೋದರಮಾವನ ಬೇಸಿಗೆ ಶಿಬಿರ

ಏಪ್ರಿಲ್‌ನಲ್ಲಿ ಮಕ್ಕಳಿಗೆ ಇರುವ ಬೆಲೆ ಮೇ ಕೊನೆಗೆ ಇರುವುದಿಲ್ಲ. ಮಾವಿನಹಣ್ಣಿನದೂ ಇದೇ ಕಥೆ. ರಜೆ ಸಿಕ್ಕ ಹೊಸತರಲ್ಲಿ ಈಜು, ಅಬಾಕಸ್, ಕೀಬೋರ್ಡು, ವ್ಯಕ್ತಿತ್ವ ವಿಕಸನ ಎಂದು ನಾಲ್ಕೂ ದಿಕ್ಕಿನಿಂದ ಅವರಿಗೆ ಕರೆ ಬರುತ್ತದೆ. ಮೇ 20 ದಾಟಿತೋ, ಶಿಬಿರಗಳು ಮುಗಿದಿರುತ್ತವೆ, ಅಮ್ಮಂದಿರ ತಾಳ್ಮೆಯೂ ಮುಗಿದಿರುತ್ತದೆ, ಶಾಲೆ ಮಾತ್ರ ಇನ್ನೂ ಬಾಗಿಲು ತೆರೆದಿರುವುದಿಲ್ಲ. ಯಾರಿಗೂ ಬೇಡವಾದ ಈ ವಾರಕ್ಕೆಂದೇ ಹಿರಿಯರು ಸೋದರಮಾವ ಎಂಬ ಹುದ್ದೆಯನ್ನು ಸೃಷ್ಟಿಸಿದ್ದಾರೆ. ಸಂಬಳವಿಲ್ಲ, ಬಡ್ತಿಯಿಲ್ಲ, ರಾಜೀನಾಮೆ ಕೊಟ್ಟರೆ ಅಂಗೀಕರಿಸುವವರಿಲ್ಲ. ಮುಂದೆಂದೋ ಸೊಸೆಯನ್ನು ಧಾರೆಮಂಟಪಕ್ಕೆ ಕರೆತರುವ ಗೌರವ ಇದೆಯಲ್ಲ, ಅದರ ಮುಂಗಡ ದುಡಿಮೆ ಇದು.

ಅಕ್ಕನ ಮಕ್ಕಳಿಬ್ಬರು ಬೆಂಗಳೂರಿನಿಂದ ಮೈಸೂರಿಗೆ ಬಂದಿಳಿದಾಗ ನನಗೊಂದು ಉಡುಗೊರೆ ತಂದಿದ್ದರು. ಶಿಬಿರದಲ್ಲಿ ಮಾಡಿದ ಪೆನ್ ಸ್ಟ್ಯಾಂಡ್. ಐಸ್‌ಕ್ಯಾಂಡಿ ಕಡ್ಡಿಯದು. ಈ ರಾಜ್ಯದಲ್ಲಿ ಈಗ ಪೆನ್ನುಗಳಿಗಿಂತ ಪೆನ್ ಸ್ಟ್ಯಾಂಡುಗಳೇ ಹೆಚ್ಚಿರಬೇಕೆಂದು ನನ್ನ ಗುಮಾನಿ. "ಇಷ್ಟೊಂದು ಐಸ್‌ಕ್ಯಾಂಡಿ ತಿಂದ್ರಾ?" ಎಂದೆ. ಇಲ್ಲವಂತೆ, ಕಡ್ಡಿ ಅಂಗಡಿಯಲ್ಲಿ ಪ್ಯಾಕೆಟ್ಟಿನಲ್ಲಿ ಸಿಗುತ್ತದಂತೆ. ಐಸ್ ಇಲ್ಲದ ಬರೀ ಕಡ್ಡಿ! ನಮ್ಮ ಕಾಲದಲ್ಲಿ ಒಂದೊಂದು ಕಡ್ಡಿಯ ಹಿಂದೆಯೂ ಒಂದು ಕೆಂಪು ನಾಲಿಗೆ, ಒಂದು ಗಂಟಲು ಕೆರೆತ, ಅಪ್ಪನ ಒಂದು ಏಟು ಇರುತ್ತಿತ್ತು. ಇರಲಿ. ಸ್ಟ್ಯಾಂಡೇನೋ ಅಚ್ಚುಕಟ್ಟಾಗಿತ್ತು. ಅನುಮಾನ ಬರುವಷ್ಟು ಅಚ್ಚುಕಟ್ಟು. ವಿಚಾರಣೆ ನಡೆಸಿದಾಗ ಚಿಕ್ಕವನು ಬಾಯಿಬಿಟ್ಟ: ಅಂಟು ಹಚ್ಚಿದ್ದು ಮಿಸ್ಸು, ಬಣ್ಣ ಬಳಿದದ್ದು ಅಮ್ಮ.

"ಮತ್ತೆ ನೀನೇನೋ ಮಾಡಿದ್ದು?"

"ಒಣಗೋವರೆಗೂ ಹಿಡ್ಕೊಂಡಿದ್ದೆ."

ಕರಕುಶಲ ಕಲೆ ಮಕ್ಕಳಿಗಾಗಿ ಎನ್ನುವುದು ದೊಡ್ಡವರು ಹಬ್ಬಿಸಿದ ಸುದ್ದಿ. ನಲವತ್ತು ದಾಟಿದವನೊಬ್ಬ ಸುಮ್ಮನೆ ಬಣ್ಣದ ಕಾಗದ, ಕತ್ತರಿ ಹಿಡಿದು ಜಗಲಿಯಲ್ಲಿ ಕೂತರೆ ಮನೆಯವರು ವೈದ್ಯರಿಗೆ ಫೋನ್ ಮಾಡುತ್ತಾರೆ. ಪಕ್ಕದಲ್ಲಿ ಒಂದು ಮಗುವನ್ನು ಕೂರಿಸಿಕೊಂಡರೆ ಮುಗಿಯಿತು, "ಎಷ್ಟು ತಾಳ್ಮೆ ನೋಡಿ" ಎನ್ನುತ್ತಾರೆ. ಮಗು ಇಲ್ಲಿ ಪರವಾನಗಿ.

ನನ್ನ ಅಮ್ಮನ ಬಳಿ ಎರಡು ಪರವಾನಗಿ ಇದ್ದವು. ಕೃತ್ತಿಕೆ ಮಳೆಯ ಗಾಳಿಗೆ ಹಿತ್ತಲಿನ ತೆಂಗಿನ ಮರದಿಂದ ಒಂದು ಹಸಿ ಸೋಗೆ ಮುರಿದು ಬಿದ್ದಿತ್ತು. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಾಲು ಚಾಚಿ ಕೂತು, ಗರಿಯಿಂದ ಕಡ್ಡಿ ಸೀಳಿ ತೆಗೆದು ಶುರು ಮಾಡಿದರು. ಮೊದಲು ವಾಚು, ಆಮೇಲೆ ಕನ್ನಡಕ, ಆಮೇಲೆ ಮೈಯೆಲ್ಲ ಮಡಿಕೆ ಮಡಿಕೆಯಾದ ಹಾವು. ಕೊನೆಗೆ ಗಿರಗಿಟ್ಲೆ: ಎರಡು ಪಟ್ಟಿಗಳನ್ನು ಒಂದರೊಳಗೊಂದು ಹೆಣೆದು, ನಡುವೆ ಕಡ್ಡಿ ಚುಚ್ಚಿ, ಗಾಳಿಗೆ ಎದುರಾಗಿ ಓಡುವುದು. ನಿಂತರೆ ಅದೂ ನಿಲ್ಲುತ್ತದೆ. ಮಕ್ಕಳು ಊಟದ ಹೊತ್ತಿನವರೆಗೆ ಓಡಿ, ತಟ್ಟೆಯ ಮುಂದೆಯೇ ತೂಕಡಿಸಿದರು. ಆಟಿಕೆಯ ಪೆಟ್ಟಿಗೆಯ ಮೇಲೆ ಇಂಥ ಪ್ರಯೋಜನವನ್ನು ಯಾವ ಕಂಪನಿಯೂ ಬರೆದದ್ದು ನಾನು ಕಂಡಿಲ್ಲ.

ನಾನೂ ಒಂದು ಗಿಳಿ ಹೆಣೆಯಲು ಕೈಹಾಕಿದೆ. "ಮಕ್ಕಳು ಮಾಡೋದು ಬಿಟ್ಟು ನಿನಗ್ಯಾಕೋ?" ಎಂದು ಅಮ್ಮ ಗರಿ ಕಸಿದುಕೊಂಡರು, ತಾವೇ ಗಿಳಿ ಮಾಡಿದರು. ಅವರ ಗುಟ್ಟು ಗೊತ್ತಾಗಿದ್ದು ಮಾರನೆಯ ದಿನ. ಮಕ್ಕಳಿಂದಲೇ ಕಡ್ಡಿಯನ್ನೆಲ್ಲ ಕೂತು ಹೆರೆಸಿ, ಬಿಗಿಯಾಗಿ ಕಟ್ಟಿ, ದಪ್ಪನೆಯ ಪೊರಕೆಯೊಂದನ್ನು ಬಾಗಿಲ ಮೂಲೆಗೆ ಒರಗಿಸಿದ್ದರು. ಗರಿ ಮೊಮ್ಮಕ್ಕಳಿಗೆ, ಕಡ್ಡಿ ಅಜ್ಜಿಗೆ. ಪೆನ್ ಸ್ಟ್ಯಾಂಡ್ ಕಲಿಸುವ ಶಿಬಿರದವರಿಗೆ ಈ ಲೆಕ್ಕಾಚಾರ ಎಲ್ಲಿಂದ ಬರಬೇಕು?

ಇದಕ್ಕೆ ಸೇಡು ತೀರಿಸಿಕೊಳ್ಳಲು ನಾನು ಮಾವಿನ ವಾಟೆಯ ಮೊರೆಹೋದೆ. ಏಪ್ರಿಲ್‌ನಿಂದ ತಿಂದೆಸೆದ ವಾಟೆಗಳೆಲ್ಲ ತಿಪ್ಪೆಯಲ್ಲಿ ಬಿದ್ದು, ನಾಲ್ಕು ಹನಿ ಮಳೆಗೆ ಕೆಂಪು ಚಿಗುರು ತಲೆಯೆತ್ತಿರುತ್ತವಲ್ಲ, ಅದೇ ಸರಿಯಾದ ಹದ. ಮೇಲಿನ ಗಟ್ಟಿ ಸಿಪ್ಪೆ ಬಿಡಿಸಿ, ಒಳಗಿನ ಬೀಜದ ಒಂದು ತುದಿಯನ್ನು ಬಟ್ಟೆ ಒಗೆಯುವ ಕಲ್ಲಿಗೆ ಉಜ್ಜಬೇಕು. ಎರಡು ಬೇಳೆಗಳ ನಡುವಿನ ಸಂದಿ ಕಾಣುವಷ್ಟು ತೇದರೆ ಸಾಕು. ಊದಿದರೆ ಬೇಳೆಗಳೆರಡೂ ಅದುರಿ ಪೀಂ ಎನ್ನುತ್ತದೆ. ಬಾಯಿಗೆ ಒಗರು ಹತ್ತುತ್ತದೆ, ಅದು ಈ ವಾದ್ಯದ ಶುಲ್ಕ. ದೊಡ್ಡವಳಿಗೆ ಸ್ವರ ಬೇಗ ಹಿಡಿಯಿತು. ಚಿಕ್ಕವನದು ಮೊದಮೊದಲು ಬರೀ ಎಂಜಲು. ಆಮೇಲೆ ಅವನಿಗೂ ಹಿಡಿಯಿತು, ಹಿಡಿದದ್ದು ಬಿಡಲಿಲ್ಲ. ಮಧ್ಯಾಹ್ನದ ನಿದ್ದೆ ಎಂಬ ಸಂಸ್ಥೆ ನಮ್ಮ ಬೀದಿಯಲ್ಲಿ ಅಂದಿಗೆ ಮುಚ್ಚಿತು. ದೂರು ಹೇಳಲು ಬಂದ ಎದುರುಮನೆಯ ನಿವೃತ್ತರು ಜಗಲಿಯಲ್ಲಿ ಕೂತು, "ಹಾಗಲ್ಲ ಮರಿ, ಕೊಡಿಲ್ಲಿ" ಎಂದು ಒಂದು ವಾಟೆ ತೇದು ತೋರಿಸಿ, ತೇದದ್ದನ್ನು ಜೇಬಿಗಿಳಿಸಿಕೊಂಡು ಹೋದರು.

ಬೀದಿಯ ಶಾಂತಿಗಾಗಿ ಮಕ್ಕಳನ್ನು ರಂಗನತಿಟ್ಟಿಗೆ ಕರೆದುಕೊಂಡು ಹೋಗುವುದೆಂದಾಯಿತು. ಅಪ್ಪ ಬೀರುವಿನಿಂದ ತಮ್ಮ ಹಳೆಯ ದುರ್ಬೀನು ತೆಗೆದು ಒರೆಸತೊಡಗಿದರು. ಅದನ್ನು ಮುಟ್ಟಲು ಮನೆಯಲ್ಲಿ ಯಾರಿಗೂ ಅಪ್ಪಣೆ ಇಲ್ಲ. ಮುಖ ಊದಿಸಿಕೊಂಡ ಚಿಕ್ಕವನು, ಖಾಲಿಯಾದ ಫಾಯಿಲ್ ಸುರುಳಿಯ ರಟ್ಟಿನ ಕೊಳವೆಯನ್ನು ಎರಡು ತುಂಡು ಮಾಡಿ, ಜೋಡಿಸಿ ರಬ್ಬರ್ ಬ್ಯಾಂಡ್ ಹಾಕಿ, ಲಾಡಿಯ ತುಂಡು ಕಟ್ಟಿ ಕೊರಳಿಗೆ ನೇತುಹಾಕಿಕೊಂಡ. ಯಾರೂ ಸಹಾಯ ಮಾಡಿರಲಿಲ್ಲ, ಅದು ನೋಡಿದರೇ ತಿಳಿಯುತ್ತಿತ್ತು.

ಪ್ರವಾಸ ಅಂದರೆ ನಮ್ಮಲ್ಲಿ ಮುಕ್ಕಾಲು ಪಾಲು ಚಿತ್ರಾನ್ನ, ಮಿಕ್ಕದ್ದು ಮೊಸರನ್ನ, ಉಳಿದರೆ ಸ್ಥಳ. ದೋಣಿ ಹತ್ತುವ ಮೊದಲೇ ಡಬ್ಬಿಗಳು ಖಾಲಿಯಾದವು. ಕಾವೇರಿಯ ನಡುಗಡ್ಡೆಗಳ ಮರಗಳ ತುಂಬ ಬಣ್ಣದ ಕೊಕ್ಕರೆಗಳು, ಚಮಚದಂಥ ಮೂತಿಯ ಬಿಳಿ ಹಕ್ಕಿಗಳು. ಸಲೀಂ ಅಲಿ ಇಲ್ಲಿಗೆ ಬಂದು ನೋಡಿ ಅರಸರಿಗೆ ಹೇಳಿದರೆಂದೂ, 1940ರಲ್ಲಿ ಇದು ಪಕ್ಷಿಧಾಮವಾಯಿತೆಂದೂ ನಾನು ವಿವರಿಸುತ್ತಿದ್ದೆ. ಕೇಳುತ್ತಿದ್ದವರು ಹಿಂದಿನ ಸೀಟಿನ ಯಾರೋ ಒಬ್ಬರು ಮಾತ್ರ. ಅಷ್ಟರಲ್ಲಿ ಚಿಕ್ಕವನು ರಟ್ಟಿನ ದುರ್ಬೀನು ಹಿಡಿದು "ಮೊಸಳೆ!" ಎಂದ.

"ಅದು ಬಂಡೆ," ಎಂದರು ಅಪ್ಪ, ಫೋಕಸ್ ತಿರುಗಿಸುತ್ತ. ಬಂಡೆ ಬಾಯಿ ತೆರೆಯಿತು. "ಮರದ ದಿಮ್ಮಿ ಇರಬೇಕು." ಬಿಸಿಲಿನ ಕಾವು ಹೊರಹಾಕಲು ಮೊಸಳೆ ಹಾಗೆ ಬಾಯಿ ತೆರೆದು ಮಲಗುತ್ತದೆಂದು ದೋಣಿಯವನು ಹೇಳಿದ. ಅಪ್ಪ ಇನ್ನೂ ಫೋಕಸ್ ಮಾಡುತ್ತಲೇ ಇದ್ದರು. ಕಡೆಗೆ ಕೈಚಾಚಿ, "ಎಲ್ಲಿ, ನಿನ್ನದು ಕೊಡು ನೋಡೋಣ," ಎಂದರು. ಹಿಂದಿನ ಸೀಟಿನವರೂ ಸರದಿಗೆ ನಿಂತರು. ಸುತ್ತ ಕಾಣುವುದನ್ನೆಲ್ಲ ಮರೆಮಾಡಿ ಒಂದೇ ಜಾಗಕ್ಕೆ ಕಣ್ಣು ಕಟ್ಟಿಹಾಕುವ ಆ ಯಂತ್ರ ನಿಜಕ್ಕೂ ಚೆನ್ನಾಗಿತ್ತು. ನಾನೂ ನೋಡಿದೆ. ಮಾಲೀಕನಿಗೆ ಅದು ವಾಪಸು ಸಿಕ್ಕಿದ್ದು ದಡಕ್ಕೆ ಬಂದ ಮೇಲೆ.

ಮಕ್ಕಳನ್ನು ಬೆಂಗಳೂರಿಗೆ ಬಿಡಲು ಹೊರಟಾಗ ಹಳೇ ರಸ್ತೆಯಲ್ಲೇ ಹೋಗೋಣವೆಂದು ನಾನು ಹಟ ಹಿಡಿದೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿ ಚನ್ನಪಟ್ಟಣವನ್ನು ಮುಟ್ಟದೆ ಹಾರಿಸಿಕೊಂಡು ಹೋಗುತ್ತದೆ. ಉಳಿದ ಸಮಯವನ್ನು ಜನ ಬೆಂಗಳೂರಿನ ಸಿಗ್ನಲ್ಲಿನಲ್ಲಿ ಖರ್ಚು ಮಾಡುತ್ತಾರೆ. ಹಳೇ ರಸ್ತೆಯ ಅಕ್ಕಪಕ್ಕದ ಗೊಂಬೆ ಅಂಗಡಿಗಳ ಮುಂದೆ ಮರದ ಕುದುರೆಗಳು ಇನ್ನೂ ತೂಗುತ್ತಿದ್ದವು. ಒಳಗೆ ಒಬ್ಬರು ಕಡಸಲು ಯಂತ್ರದಲ್ಲಿ ಆಲೆ ಮರದ ತುಂಡು ತಿರುಗಿಸುತ್ತ, ಅದಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತುತ್ತಿದ್ದರು. ತಿರುಗುವ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ, ಆಮೇಲೆ ತಾಳೆಗರಿಯಲ್ಲಿ ಉಜ್ಜಿದರೆ ಫಳಫಳ. ಕುಂಚವಿಲ್ಲ, ಒಣಗುವವರೆಗೆ ಹಿಡಿದುಕೊಳ್ಳುವವರೂ ಬೇಡ. ನಾನು ಬಾಯಿಬಿಟ್ಟುಕೊಂಡು ನಿಂತೆ. ಒಂದು ಬುಗುರಿ, ಒಂದು ರೈಲು, ತಲೆ ಅಲ್ಲಾಡಿಸುವ ಒಬ್ಬ ರಾಜ, ಎಲ್ಲವನ್ನೂ ಮಕ್ಕಳ ಹೆಸರಿನಲ್ಲಿ ಕೊಂಡೆ. ಮಕ್ಕಳು ಯಂತ್ರದ ಕೆಳಗೆ ಕೂತು, ಉಳಿಯಿಂದ ಸುರುಳಿ ಸುರುಳಿಯಾಗಿ ಬೀಳುತ್ತಿದ್ದ ಮರದ ಹೆರೆಯನ್ನು ಚೀಲಕ್ಕೆ ತುಂಬುತ್ತಿದ್ದರು. ಅದಕ್ಕೆ ಎಷ್ಟಾಯಿತೆಂದು ಕೇಳಿದರೆ ಅವರು ನಕ್ಕು ಕೈಯಾಡಿಸಿದರು.

ಅಕ್ಕ ಚೀಲಗಳನ್ನು ಸುರಿದಾಗ ಹೆರೆ, ಒಣಗಿದ ಹಾವು, ರಟ್ಟಿನ ಕೊಳವೆ, ಒದ್ದೆಬಟ್ಟೆಯಲ್ಲಿ ಸುತ್ತಿದ ವಾಟೆಗಳು, ಜೊತೆಗೆ ಅಮ್ಮ ಮಗಳಿಗೆಂದು ಕಳಿಸಿದ ಪೊರಕೆ. ಮೊದಲು ಪೊರಕೆಯನ್ನು ಹೆರೆಯ ಮೇಲೆ ಬಳಸಿದಳು. "ಕಸದಿಂದ ರಸ ಅಂತ ರಜೆಯ ಹೋಮ್‌ವರ್ಕ್ ಕೊಟ್ಟಿದ್ರು, ಒಂದನ್ನೂ ಮಾಡಿಸಿಲ್ಲವಲ್ಲೋ!" ಎಂದು ನನ್ನನ್ನು ಬೈದು, ಸ್ಟೇಷನರಿ ಅಂಗಡಿಗೆ ಕಸ ಕೊಳ್ಳಲು ಹೊರಟಳು.

ಶಾಲೆ ತೆರೆದ ಮೊದಲ ದಿನ ಸಂಜೆ ಚಿಕ್ಕವನು ಫೋನ್ ಮಾಡಿದ. ಪೀಪಿಯನ್ನು ಕ್ಲಾಸಿನಲ್ಲಿ ಊದಿದನಂತೆ, ಮಿಸ್ಸು ಕಿತ್ತುಕೊಂಡರಂತೆ.

"ಹೋಗಲಿ ಬಿಡು, ಇನ್ನೊಂದು ತೇದು ಕಳಿಸ್ತೀನಿ."

"ಒಂದು ಸಾಲದು ಮಾಮ. ಆಮೇಲೆ ಸ್ಟಾಫ್ ರೂಮಿಂದ ಪೀಂ ಪೀಂ ಅಂತ ಕೇಳಿಸ್ತಿತ್ತು. ಒಳಗೆ ತುಂಬಾ ಜನ ಮಿಸ್ಸುಗಳಿದ್ದಾರೆ."