ಹಳದಿ ಗಾಡಿಯ ಮಾಸ್ತರರು

ರೈಲಿನ ಹುಚ್ಚು ಸರಿಯಾಗಿ ಹತ್ತಬೇಕಾದರೆ ಊರಿಗೆ ರೈಲು ಇರಬಾರದು. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗುವ ಹಳಿ ಯಲವಿಗಿ, ಕರಜಗಿ, ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ಎಂದು ಹಾವೇರಿ ಜಿಲ್ಲೆಯನ್ನು ಉದ್ದಕ್ಕೆ ಹಾಯುತ್ತದೆ. ಶಿಗ್ಗಾಂವಿ, ಹಾನಗಲ್ಲ, ಹಿರೇಕೆರೂರು ಮೂರೂ ಅದರ ಪಡುವಣಕ್ಕೆ ಬಸ್ಸನ್ನೇ ನಂಬಿಕೊಂಡು ಕೂತಿವೆ. ಸವಣೂರು ತಾಲೂಕಿಗೆ ಯಲವಿಗಿ ಸ್ಟೇಷನ್ನು ಒಲಿದಿದೆ. ಆದ್ದರಿಂದಲೇ ಸವಣೂರಿನವರಿಗೆ ರೈಲಿನ ಮೇಲೆ ಅಂಥ ಮೋಹವೇನೂ ಇಲ್ಲ. ಅವರ ಅಭಿಮಾನವೆಲ್ಲ ಖಾರ, ವೀಳ್ಯದೆಲೆ ಮತ್ತು ದೊಡ್ಡಹುಣಸೆ ಮರಗಳಿಗೆ ಖರ್ಚಾಗಿ ಹೋಗಿದೆ.

ಹಾನಗಲ್ಲದ ನಮ್ಮ ಮಾಸ್ತರರ ಕಥೆ ಹಾಗಲ್ಲ. ನಿವೃತ್ತ ಗಣಿತ ಶಿಕ್ಷಕರು. ಹೆಸರು ಬೇಡ, ಇಂಥವರು ಸುತ್ತಲಿನ ಎಲ್ಲ ತಾಲೂಕಿನಲ್ಲೂ ಇದ್ದಾರೆ, ಒಬ್ಬರ ಹೆಸರು ಹೇಳಿದರೆ ಉಳಿದವರಿಗೆ ಸಿಟ್ಟು ಬರುತ್ತದೆ. ಪರ ಊರಿನವರು ಬಂದು ತಾರಕೇಶ್ವರ ಗುಡಿಯ ಚಾವಣಿಯ ಕಲ್ಲಿನ ಕಮಲಕ್ಕೆ ಕ್ಯಾಮೆರಾ ಎತ್ತಿ ಕತ್ತು ನೋಯಿಸಿಕೊಳ್ಳುತ್ತಿರುವ ಹೊತ್ತಿಗೆ ಇವರು ಹೆಗಲಿಗೆ ಚೀಲ ಏರಿಸಿ ಹಾವೇರಿ ಬಸ್ಸಿನ ಹಿಂದೆ ಓಡುತ್ತಿರುತ್ತಾರೆ. ಚೀಲದಲ್ಲಿ ಕ್ಯಾಮೆರಾ, ಛತ್ರಿ, ಎರಡು ರೊಟ್ಟಿ, ಶೇಂಗಾ ಚಟ್ನಿ ಮತ್ತು ಸವಣೂರು ಖಾರದ ದೊಡ್ಡದೊಂದು ಪೊಟ್ಟಣ.

ರೈಲಿನ ಫೋಟೋ ತೆಗೆಯಲು ಹೊರಟಿದ್ದಾರೆ ಎಂದುಕೊಂಡರೆ ಅವರಿಗೆ ಅವಮಾನ.

‘ರೈಲಿನ ಫೋಟೋ ಯಾರರೆ ತೆಗೀತಾರ್ರೀ? ಅದು ಬರತದ, ಹೋಗತದ. ಅದರ ಕೆಳಗ ಖಡಿ ಬಡದವರು ಯಾರು ಅಂತ ಯಾರಿಗರೆ ಗೊತ್ತೈತೇನು?’

ಹಳಿ ರಿಪೇರಿಯ ಗ್ಯಾಂಗಿನವರು, ಅವರ ಹಾರೆ, ಗುದ್ದಲಿ, ಬೀಟರು, ಅವರನ್ನು ಕೆಲಸದಿಂದ ಅರ್ಧ ಬಿಡಿಸಿರುವ ದೊಡ್ಡ ಹಳದಿ ಯಂತ್ರಗಳು. ಮಾಸ್ತರರ ಕ್ಯಾಮೆರಾಕ್ಕೆ ಇಷ್ಟೇ ವಿಷಯ. ರೈಲು ಚೌಕಟ್ಟಿನೊಳಗೆ ಬಂದರೆ ಆ ಫೋಟೋ ಕೆಟ್ಟಿತು ಎಂದು ಅಳಿಸುತ್ತಾರೆ. 2023ರ ಜೂನ್ 27ರಂದು ಧಾರವಾಡ–ಬೆಂಗಳೂರು ವಂದೇ ಭಾರತ್ ಮೊದಲ ಸಲ ಓಡಿದಾಗ ಹಳಿಯ ಪಕ್ಕದ ಊರುಗಳ ಜನ ಮೊಬೈಲು ಎತ್ತಿ ನಿಂತಿದ್ದರು. ಮಾಸ್ತರರೂ ಇದ್ದರು, ಬಿಳಿ ರೈಲಿಗೆ ಬೆನ್ನು ಮಾಡಿ, ಆಚೆ ಬದಿಗೆ ಹಸಿರು ಬಾವುಟ ಹಿಡಿದು ಬೆವರುತ್ತಿದ್ದ ಒಬ್ಬ ಗ್ಯಾಂಗ್‌ಮನ್‌ನ ಫೋಟೋ ತೆಗೆಯುತ್ತಿದ್ದರು. ಪಕ್ಕದಲ್ಲಿದ್ದ ಹುಡುಗ ಪಾಪ ಎನಿಸಿ, ‘ಅಜ್ಜಾರ, ರೈಲು ಈ ಕಡೆ ಐತ್ರಿ’ ಎಂದು ಅವರ ಭುಜ ಹಿಡಿದು ತಿರುಗಿಸಿದ. ಆ ಹುಡುಗನನ್ನು ಅವರು ಇನ್ನೂ ಕ್ಷಮಿಸಿಲ್ಲ.

ಅವರ ದಿನಚರಿ ನಿಂತಿರುವುದು ಬ್ಲಾಕಿನ ಮೇಲೆ. ದೊಡ್ಡ ಯಂತ್ರ ಹಳಿಗೆ ಇಳಿಯಬೇಕಾದರೆ ಆ ಮಾರ್ಗದಲ್ಲಿ ಕೆಲವು ತಾಸು ಗಾಡಿಗಳ ಓಡಾಟ ನಿಲ್ಲಿಸಿಕೊಡಬೇಕು. ಅದಕ್ಕೆ ರೈಲ್ವೆಯವರು ಬ್ಲಾಕ್ ಎನ್ನುತ್ತಾರೆ. ಎಲ್ಲಿ ಯಾವಾಗ ಬ್ಲಾಕ್ ಎಂಬುದು ಹಾನಗಲ್ಲದಲ್ಲಿ ಕೂತ ಇವರಿಗೆ ಹೇಗೆ ತಿಳಿಯುತ್ತದೆ ಎಂದು ಕೇಳಿದರೆ ನಗುತ್ತಾರೆ, ಹೇಳುವುದಿಲ್ಲ. ಒಮ್ಮೆ ಕಟ್ಟೆಯ ಮೇಲೆ ಕೂತು ಫೋನಿನಲ್ಲಿ, ‘ನಾಳೆ ಎರಡು ತಾಸಿನ ಬ್ಲಾಕ್ ಅಂತ. ಹೋದ ವಾರನೂ ಬ್ಲಾಕ್ ಇತ್ತು, ಕಡೀ ಗಳಿಗ್ಯಾಗ ಬಿಡಿಸಿದ್ರು’ ಎಂದು ಸಂಭ್ರಮದಿಂದ ಮಾತಾಡುತ್ತಿದ್ದರು. ಪಕ್ಕದ ಮನೆಯಾಕೆ ಕೇಳಿಸಿಕೊಂಡು, ಮಾಸ್ತರರ ಹೃದಯದ ರಕ್ತನಾಳ ಕಟ್ಟಿದೆ ಎಂದು ಓಣಿಗೆಲ್ಲ ಸುದ್ದಿ ಮುಟ್ಟಿಸಿದರು. ಮರುದಿನ ಎಳನೀರು, ಮೋಸಂಬಿ ಹಿಡಿದುಕೊಂಡು ಬಂದವರಿಗೆ ಅವರ ಹೆಂಡತಿ ಹೇಳಿದ್ದು: ‘ಅವರಿಗೇನಾಗಿಲ್ಲರಿ. ಬಿಸಲಾಗ ಬ್ಯಾಡಗಿಗೆ ಹೋಗ್ಯಾರ. ಎಳನೀರು ನನಗ ಕೊಡ್ರಿ.’

ಯಂತ್ರಗಳ ಬಗ್ಗೆ ಒಂದು ಮಾತು ಹೇಳಲೇಬೇಕು, ಇಲ್ಲದಿದ್ದರೆ ಈ ಹುಚ್ಚು ಅರ್ಥವಾಗುವುದಿಲ್ಲ. ನಮ್ಮ ಮುಖ್ಯ ಮಾರ್ಗಗಳಲ್ಲಿ ಕಿಲೋಮೀಟರಿಗೆ ಸುಮಾರು 1,660 ಕಾಂಕ್ರೀಟ್ ಸ್ಲೀಪರು ಇರುತ್ತವೆ. ಒಂದೊಂದೂ ಕಾಲು ಟನ್ನಿಗಿಂತ ಹೆಚ್ಚು ಭಾರ. ಗಾಡಿ ಓಡಿದಂತೆಲ್ಲ ಅವುಗಳ ಅಡಿಯ ಖಡಿ ಸರಿಯುತ್ತದೆ, ಹಳಿ ಅಲ್ಲಲ್ಲಿ ಕೂರುತ್ತದೆ. ಹಿಂದೆ ಹತ್ತಿಪ್ಪತ್ತು ಜನ ಸಾಲಾಗಿ ನಿಂತು, ಒಬ್ಬ ಹಾಡು ಎತ್ತಿಕೊಂಡರೆ ಉಳಿದವರು ದನಿಗೂಡಿಸಿ, ಬೀಟರಿನಿಂದ ಖಡಿ ಬಡಿದು ಬಡಿದು ಸ್ಲೀಪರಿನ ಅಡಿಗೆ ತಳ್ಳುತ್ತಿದ್ದರು. ಈಗ ಆ ಕೆಲಸಕ್ಕೆ ಟ್ಯಾಂಪಿಂಗ್ ಯಂತ್ರ ಬಂದಿದೆ. ಅದು ಹಳಿಯನ್ನು ಎರಡೂ ಕಡೆ ಹಿಡಿದೆತ್ತಿ, ಉಕ್ಕಿನ ಬೆರಳುಗಳನ್ನು ಖಡಿಯೊಳಗೆ ಇಳಿಸಿ, ಗಡಗಡ ನಡುಗಿಸುತ್ತ, ಮಲಗಿದ ಕೂಸಿನ ಅಡಿಗೆ ಕೌದಿಯ ಅಂಚು ಒತ್ತಿದ ಹಾಗೆ, ಕಲ್ಲನ್ನು ಸ್ಲೀಪರಿನ ಅಡಿಗೆ ಒತ್ತುತ್ತದೆ. ಆಸ್ಟ್ರಿಯಾದ ಪ್ಲಾಸರ್ ಕಂಪನಿಯ ಮಾದರಿ. ನಮ್ಮ ಫರೀದಾಬಾದಿನಲ್ಲೂ ಅದರದೊಂದು ಕಾರ್ಖಾನೆ ಇದೆ.

ಟ್ಯಾಂಪಿಂಗ್ ಯಂತ್ರಗಳಲ್ಲಿ ಸಿಎಸ್ಎಂ ಎಂಬ ಜಾತಿಯದು ಮಾಸ್ತರರ ಪ್ರಾಣ ಹಿಂಡುತ್ತದೆ. ಅದು ಒಮ್ಮೆಗೆ ಎರಡೆರಡು ಸ್ಲೀಪರು ಮುಗಿಸುತ್ತದೆ. ದೊಡ್ಡ ಮೈ ನಿಲ್ಲದೆ ಮುಂದೆ ಸರಿಯುತ್ತಿರುತ್ತದೆ. ಒಳಗಿನ ಬೆರಳಿನ ಭಾಗ ಮಾತ್ರ ನಿಂತು ಒತ್ತಿ, ಜಿಗಿದು ಮುಂದಿನ ಜೋಡಿಗೆ ಹೋಗುತ್ತದೆ. ಮೈಗೆ ಹೊಂದಿಸಿ ಫೋಟೋ ಹಿಡಿದರೆ ಬೆರಳು ಮಸುಕು. ಬೆರಳಿಗೆ ಹಿಡಿದರೆ ಮೈ ಮಸುಕು. ಎರಡೂ ಹಿಡಿಯಹೋದರೆ ಖಡಿಯ ಧೂಳು. ಸಮೀಕರಣ ಬಿಡಿಸದೆ ಬಿಟ್ಟವರಲ್ಲ, ಈ ಒಂದು ಲೆಕ್ಕಕ್ಕೆ ಮಾತ್ರ ಉತ್ತರ ಸಿಕ್ಕಿಲ್ಲ. ಸಿಎಸ್ಎಂ ಹೋದ ಮೇಲೆ ಡಿಜಿಎಸ್ ಬಂದು ಹಳಿಯನ್ನು ಅಲ್ಲಾಡಿಸಿ ಭದ್ರ ಮಾಡುತ್ತದೆ. ಬಿಸಿಎಂ ಖಡಿಯನ್ನೆಲ್ಲ ಅಗೆದು, ಸೋಸಿ, ಮಣ್ಣು ಆಚೆ ಉಗಿದು, ಒಳ್ಳೆಯದನ್ನು ಮತ್ತೆ ಹಾಸುತ್ತದೆ. ಮಾಸ್ತರರ ಮೊಮ್ಮಗ ಅಆಇಈ ಕಲಿಯುವ ಮೊದಲೇ ಸಿಎಸ್ಎಂ, ಡಿಜಿಎಸ್, ಬಿಸಿಎಂ ಹೇಳುತ್ತಿದ್ದ. ಬೀಗರು ಕೇಳಿ, ಈಗಿನಿಂದಲೇ ಯಾವುದೋ ದೊಡ್ಡ ಪರೀಕ್ಷೆಗೆ ಕೂರಿಸುತ್ತಿದ್ದಾರೆ ಎಂದು ಗಾಬರಿಯಾದರು.

ಗ್ಯಾಂಗಿನವರಿಗೆ ಮೊದಮೊದಲು ಇವರ ಮೇಲೆ ಸಂಶಯ. ದಪ್ಪ ಕನ್ನಡಕ, ಇಸ್ತ್ರಿ ಅಂಗಿ, ಕೈಯಲ್ಲಿ ಕ್ಯಾಮೆರಾ: ಯಾರೋ ತಪಾಸಣೆಗೆ ಬಂದಿದ್ದಾರೆ. ಇವರನ್ನು ಕಂಡ ಕೂಡಲೇ ಬೀಡಿ ಆರಿಸಿ, ಕಿತ್ತಳೆ ಅಂಗಿಯ ಗುಂಡಿ ಹಾಕಿ, ಯಾವತ್ತೂ ಇಲ್ಲದ ಶಿಸ್ತಿನಿಂದ ಕೆಲಸ ಶುರು. ‘ಯಾವ ಆಫೀಸಿಂದ ಬಂದೀರಿ ಸಾಹೇಬ್ರ?’ ‘ಆಫೀಸಿಲ್ಲಪಾ, ಹಾನಗಲ್ಲದಿಂದ.’ ‘ಹಾನಗಲ್ಲಿಗೆ ರೈಲಿಲ್ಲಲ್ರಿ?’ ‘ಅದಕ್ಕ ಬಂದೇನಿ.’ ಇದಕ್ಕೆ ಏನು ಹೇಳಬೇಕೆಂದು ಗ್ಯಾಂಗಿನ ಮುಂದಾಳಾದ ಯಾವ ಮೇಟಿಗೂ ತಿಳಿಯಲಿಲ್ಲ. ಸವಣೂರು ಖಾರದ ಪೊಟ್ಟಣ ಬಿಚ್ಚಿದ ಮೇಲೆ ಪರಿಚಯ ತಾನಾಗಿ ಬೆಳೆಯಿತು. ಯಂತ್ರದ ಪಕ್ಕದ ಕ್ಯಾಂಪ್ ಬೋಗಿಯಲ್ಲೇ ವಾಸವಾಗಿದ್ದು ಊರೂರು ಸುತ್ತುವ ಬಿಹಾರದ ಆಪರೇಟರು ಈಗ ಇವರನ್ನು ಕಂಡರೆ ನಮಸ್ಕಾರಕ್ಕೆ ಮೊದಲು ‘ಖಾರ ಲಾಯೆ?’ ಎನ್ನುತ್ತಾನೆ.

ಅವನಿಗೆ ಮಾಸ್ತರರು ಒಂದು ದಿನ ತಮ್ಮ ಹಾನಗಲ್ಲ ಹಿಂದಿಯಲ್ಲಿ ಪಾಠ ಮಾಡಿದರು. ಹಳಿಯನ್ನು ಸ್ಲೀಪರಿಗೆ ಹಿಡಿದಿಡುವ ಈ ಡೊಂಕು ಕ್ಲಿಪ್ಪು ಇದೆಯಲ್ಲ, ಪ್ಯಾಂಡ್ರೋಲ್, ಇದನ್ನು 1950ರ ದಶಕದಲ್ಲಿ ಕಂಡುಹಿಡಿದವನು ನಾರ್ವೆಯ ಎಂಜಿನಿಯರು ಪರ್ ಪಾಂಡೆ-ರೋಲ್ಫ್‌ಸೆನ್. ಆಪರೇಟರು ಹೆಮ್ಮೆಯಿಂದ ಎದೆ ಉಬ್ಬಿಸಿ, ‘ಪಾಂಡೆ ತೋ ಹಮಾರೇ ತರಫ್ ಕೇ ಹೋತೇ ಹೈ’ ಎಂದ. ಮಾಸ್ತರರು ನಾರ್ವೆಯ ಭೂಪಟ ಬರೆದು ತೋರಿಸಿದರೂ ಅವನು ಒಪ್ಪಲಿಲ್ಲ.

ದೊಡ್ಡ ತಾಪತ್ರಯ ಇರುವುದು ಬೇರೆ ಕಡೆ. ಮಾಸ್ತರರಿಗೆ ಕೆಲಸ ಮಾಡುವ ಮನುಷ್ಯ ಬೇಕು: ಬಗ್ಗಿದ ಬೆನ್ನು, ಎತ್ತಿದ ಹಾರೆ, ಕಂಬಿಗೆ ಕಿವಿಗೊಟ್ಟ ಕೀಮ್ಯಾನ್. ಗ್ಯಾಂಗಿನವರಿಗೋ ಸ್ಟೇಟಸ್ಸಿಗೆ ಹಾಕುವಂಥ ಫೋಟೋ ಬೇಕು. ಕ್ಯಾಮೆರಾ ಎತ್ತಿದರೆ ಹಾರೆ ಕೆಳಗಿಟ್ಟು, ತಲೆ ಬಾಚಿ, ಹಳದಿ ಯಂತ್ರಕ್ಕೆ ಒರಗಿ, ಕಪ್ಪು ಕನ್ನಡಕ ಒಬ್ಬರಿಂದ ಒಬ್ಬರಿಗೆ ದಾಟಿಸುತ್ತಾರೆ. ‘ಸಹಜ ಇರ್ರಪಾ, ಸಹಜ ಇರ್ರಿ’ ಎಂದರೆ ಎಲ್ಲರೂ ಸಹಜವಾಗಿ ಎದೆಯ ಮೇಲೆ ಕೈ ಕಟ್ಟುತ್ತಾರೆ. ಕೊನೆಗೆ ಒಪ್ಪಂದವಾಯಿತು: ಮೊದಲು ಅವರಿಗೆ ಬೇಕಾದ್ದು, ಆಮೇಲೆ ಇವರಿಗೆ ಬೇಕಾದ್ದು. ಅವರಿಗೆ ಬೇಕಾದ್ದು ಮುಗಿಯುವಷ್ಟರಲ್ಲಿ ಬ್ಲಾಕ್ ಮುಗಿದಿರುತ್ತದೆ.

ಮಾಸ್ತರರು ಹಳಿಯೊಳಗೆ ಕಾಲಿಡುವುದಿಲ್ಲ, ಅದನ್ನು ಹೇಳಬೇಕು. 1989ರ ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ ಅತಿಕ್ರಮ ಪ್ರವೇಶಕ್ಕೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಇದನ್ನು ಅವರು ಗೇಟಿನ ಹತ್ತಿರ ಎಮ್ಮೆ ಹೊಡೆದುಕೊಂಡು ಬಂದವರಿಗೂ ಓದಿ ಹೇಳುತ್ತಾರೆ. ಮೇಲ್ಸೇತುವೆ, ಗೇಟು, ಬೇಲಿಯಾಚೆಯ ಮೆಣಸಿನಕಾಯಿ ಹೊಲ, ಇವು ಅವರ ಜಾಗ. ಹೊಲದವರು ಓಡಿಸಿದರೆ ಮುಂದಿನ ಹೊಲ.

ಹಿರೇಕೆರೂರಿನಲ್ಲಿ ಇವರ ಪ್ರತಿಸ್ಪರ್ಧಿ ಒಬ್ಬರಿದ್ದಾರೆ. ಅವರ ಲಕ್ಷ್ಯವೆಲ್ಲ ಶಿವಮೊಗ್ಗ–ಶಿಕಾರಿಪುರ–ರಾಣೇಬೆನ್ನೂರು ಹೊಸ ಮಾರ್ಗದ ಮೇಲೆ. ಹಳಿ ಬರುವ ಮೊದಲೇ ಮಣ್ಣಿನ ಏರಿ, ಸುಣ್ಣದ ಗುರುತು, ಜೆಸಿಬಿ ಎಲ್ಲವನ್ನೂ ಹಿಡಿದಿಟ್ಟಿದ್ದಾರೆ. ಮಾಸ್ತರರಿಗೆ ಇದು ಮೆಚ್ಚುಗೆಯಿಲ್ಲ: ‘ರಿಪೇರಿ ಫೋಟೋ ತೆಗೀಬೇಕಾದ್ರ ಮೊದಲ ಅದು ಕೆಡಬೇಕು. ಇನ್ನೂ ಹುಟ್ಟದ ಕೂಸಿಗೆ ಔಷಧ ಕೊಡ್ತಾರೇನು?’ ಶಿಗ್ಗಾಂವಿಯವರದು ಮನವಿಪತ್ರದ ಪಂಥ. ತಾಳಗುಪ್ಪ–ಶಿರಸಿ–ಹುಬ್ಬಳ್ಳಿ ಮಾರ್ಗ ತಮ್ಮ ತಾಲೂಕಿನ ತಡಸದ ಮೇಲೆ ಹಾಯಬಹುದು ಎಂಬ ಆಸೆಯಿಂದ ಅವರು ತೆಗೆಸಿಕೊಂಡ ಫೋಟೋಗಳಲ್ಲಿ ಹಳಿಯೂ ಇಲ್ಲ, ಏರಿಯೂ ಇಲ್ಲ. ಶಾಲು ಹೊದ್ದ ಮುಖಂಡರು ಮತ್ತು ಒಂದು ಕಾಗದ.

ನಗುವುದು ಸುಲಭ, ನಾನೂ ನಗುತ್ತೇನೆ. ಆದರೆ ನಮ್ಮ ಹುಬ್ಬಳ್ಳಿ–ಬೆಂಗಳೂರು ಹಾದಿಯಲ್ಲಿ 1990ರ ದಶಕದಲ್ಲಿ ಮೀಟರ್‌ಗೇಜು ಕಿತ್ತು ಬ್ರಾಡ್‌ಗೇಜು ಹಾಕಿದಾಗ, ಒಂದು ಮೀಟರು ಅಗಲದ ಹಳಿ 1,676 ಮಿಲಿಮೀಟರಿಗೆ ಅಗಲವಾದಾಗ, ಬಿಸಿಲಲ್ಲಿ ಸ್ಲೀಪರು ಹೊತ್ತವರು ಯಾರೆಂದು ಹುಡುಕಿದರೆ ನಮಗೆ ಸಿಗುವುದು ಉದ್ಘಾಟನೆಯ ರಿಬ್ಬನ್ನು, ಹಾರ, ಕತ್ತರಿ ಹಿಡಿದ ಕೈ. ಆಗ ಮಾಸ್ತರರ ಬಳಿ ಕ್ಯಾಮೆರಾ ಇರಲಿಲ್ಲ. ಶಾಲೆಯಲ್ಲಿ ವರ್ಗಮೂಲ ಕಲಿಸುತ್ತಿದ್ದರು. ಹುಬ್ಬಳ್ಳಿಯಿಂದ ಚಿಕ್ಕಜಾಜೂರಿನವರೆಗೆ 190 ಕಿ.ಮೀ. ಜೋಡಿ ಹಳಿ ಬೀಳುವ ಕಾಲಕ್ಕೆ ಅವರು ತಯಾರಾಗಿದ್ದರು. ಆ ಫೋಟೋಗಳಲ್ಲಿ ಅರ್ಧ ಓರೆ, ಕಾಲುಭಾಗ ಧೂಳು. ಉಳಿದ ಕಾಲುಭಾಗದಷ್ಟು ಜಿಲ್ಲೆಯಲ್ಲಿ ಬೇರೆ ಯಾರಲ್ಲಾದರೂ ಇದ್ದರೆ ತೋರಿಸಲಿ.

ಇವರ ಖ್ಯಾತಿ ಗ್ಯಾಂಗಿನಲ್ಲಿ ಹಬ್ಬಿ, ಒಬ್ಬ ಮೇಟಿ ತನ್ನ ನಿವೃತ್ತಿಯ ಸಮಾರಂಭಕ್ಕೆ ಫೋಟೋ ತೆಗೆಯಲು ಮಾಸ್ತರರನ್ನೇ ಕರೆದ. ತಿಂಗಳ ಕೊನೆಯ ದಿನ. ಪೇಟ, ಹಾರ, ಹಣ್ಣಿನ ಬುಟ್ಟಿ, ಬಂಧುಬಳಗ, ಸಿರಾ-ಮಿರ್ಚಿ. ಮಾಸ್ತರರು ಬೆಳಿಗ್ಗೆಯೇ ಬಂದು ಬಹಳ ಓಡಾಡಿದರು. ವಾರದ ಮೇಲೆ ಆಲ್ಬಮ್ ಮನೆಗೆ ಬಂತು. ಮೇಟಿಯ ಹೆಂಡತಿ, ಸೊಸೆ, ನೆರೆಯವರು ಎಲ್ಲ ಸುತ್ತ ಕೂತು ತೆರೆದರು. ಮೊದಲ ಪುಟದಲ್ಲಿ ಮೇಟಿಯ ಬಲಗೈ, ಅದರಲ್ಲಿ ಸವೆದ ಬೀಟರು. ಎರಡನೆಯದರಲ್ಲಿ ಆತ ಮೂವತ್ತು ವರ್ಷ ನಡೆದ ಹಳಿ. ಮೂರನೆಯದು ಒಂದು ತಿರುವು. ನಾಲ್ಕನೆಯದು ಅದೇ ತಿರುವು, ಹತ್ತಿರದಿಂದ. ಬಂಧುಬಳಗ ಒಂದೇ ಫೋಟೋದಲ್ಲಿದ್ದರು. ಅವರ ಹಿಂದೆ ದೂರದಲ್ಲಿ ಸೈಡಿಂಗಿಗೆ ಬಂದು ನಿಂತ ಬಿಸಿಎಂ ಅಷ್ಟೇ ಸ್ಪಷ್ಟವಾಗಿತ್ತು.

‘ಹೊಸಾ ಇಳಕಲ್ಲ ಸೀರಿ ಉಟ್ಟಿದ್ದೆನಲ್ಲರೀ, ನಾ ಎಲ್ಲಿ?’ ಎಂದರು ಆಕೆ.

ಮೇಟಿಗೆ ಇದು ಕೇಳಿಸಲಿಲ್ಲ. ತಿರುವಿನ ಫೋಟೋ ಕಣ್ಣಿಗೆ ಹತ್ತಿರ ಹಿಡಿದು, ಬೆರಳಿಟ್ಟು, ಮಗನಿಗೆ ತೋರಿಸುತ್ತಿದ್ದ: ‘ಇಲ್ಲಿ ನೋಡೋ. ಮಳೆಗಾಲದಾಗ ಇಲ್ಲಿ ಹಳಿ ಕೂರತಿತ್ತು. ಎಷ್ಟ ಸಲ ಎತ್ತಿ ಕಟ್ಟೇನಿ ಇದನ್ನ. ಈಗ ನೋಡು, ಹೆಂಗ ನಿಂತೈತಿ! ಮಾಸ್ತರ ಎಷ್ಟ ಚಲೋ ಹಿಡದಾರ.’

‘ಹಂಗಿದ್ರ ಆವತ್ತ ಹಾರನೂ ಅದಕ್ಕ ಹಾಕಿಸಬೇಕಿತ್ತು’ ಎಂದು ಆಕೆ ಒಳಗೆ ಎದ್ದು ಹೋದರು, ‘ನಾನೂ ಸಿರಾ ಮಾಡೂದು ತಪ್ಪತಿತ್ತು.’