ತೆಂಗಿನಗುಂಡಿಗೆ ಅಕ್ಷರ ಎಷ್ಟು?

ಭಟ್ಕಳ ತಾಲ್ಲೂಕಿನ ಮೀನುಗಾರಿಕಾ ಬಂದರು ತೆಂಗಿನಗುಂಡಿಯ ಹೆಸರಿನಲ್ಲಿ ಐದು ಅಕ್ಷರಗಳಿವೆ: ತೆಂ, ಗಿ, ನ, ಗುಂ, ಡಿ. ಒಂದನೇ ತರಗತಿಯ ಮಗುವೂ ಬೆರಳು ಮಡಚಿ ಹೇಳುತ್ತದೆ. ಪ್ರೋಗ್ರಾಮಿಂಗ್ ಭಾಷೆ ಪೈಥಾನ್‌ನಲ್ಲಿ ಉದ್ದ ಎಣಿಸುವ ಲೆನ್ ಮಾತ್ರ ಹನ್ನೊಂದು ಎನ್ನುತ್ತದೆ. ಅದರದೇನೂ ತಪ್ಪಿಲ್ಲ. 1991ರ ಮೊದಲ ಆವೃತ್ತಿಯಿಂದಲೂ ಯೂನಿಕೋಡ್ ಎತ್ವ, ಗುಡಿಸು, ಕೊಂಬು, ಅನುಸ್ವಾರಗಳಿಗೆ ಪ್ರತ್ಯೇಕ ಸಂಖ್ಯೆ ಕೊಟ್ಟಿದೆ. ಒಂದೇ ಒಲೆಯಲ್ಲಿ ಉಣ್ಣುವ ಮನೆಯಲ್ಲಿ ಎಲ್ಲರಿಗೂ ಬೇರೆ ಬೇರೆ ರೇಷನ್ ಕಾರ್ಡು ಇದ್ದಂತೆ.

ಹೆಸರನ್ನು ಹಿಂದುಮುಂದು ಮಾಡಿದರೆ ಈ ಪಾಲುಪಟ್ಟಿ ಬಯಲಾಗುತ್ತದೆ. ‘ಡಿ’ಯ ಗುಡಿಸು ಎಲ್ಲರಿಗಿಂತ ಮುಂದೆ ಬಂದು, ಆತುಕೊಳ್ಳಲು ವ್ಯಂಜನ ಸಿಗದೆ, ಚುಕ್ಕಿಗಳ ವೃತ್ತವೊಂದಕ್ಕೆ ಜೋತುಬೀಳುತ್ತದೆ. ‘ಗಿ’ಯ ಗುಡಿಸು ಪಕ್ಕದ ನಕಾರವನ್ನು ಹಿಡಿದು ‘ನಿ’ ಮಾಡಿಬಿಡುತ್ತದೆ.

ಕಡತಕ್ಕೆ ಇಳಿಯುವಾಗ ಲೆಕ್ಕ ಮತ್ತೆ ಬೇರೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್, ಊರಿಗೆ 33. ಹೆಸರಿಗೆ 20 ಬೈಟ್ ಸಾಕೆಂದು ಯಾರಾದರೂ ಕತ್ತರಿಸಿದರೆ 18ಕ್ಕೆ ‘ತೆಂಗಿನ’ ಮುಗಿದು, ಮುಂದಿನ ಗಕಾರದ ಮೂರರಲ್ಲಿ ಎರಡು ಪಾಲು ಮಾತ್ರ ಉಳಿಯುತ್ತದೆ. ತೆಂಗು ದಕ್ಕಿತು, ಗುಂಡಿ ಹೋಯಿತು. ಆ ತುಂಡನ್ನು ಓದಹೊರಟ ಪೈಥಾನ್ ದೋಷ ತೋರಿಸಿ ನಿಲ್ಲುತ್ತದೆ, ನಿಲ್ಲುವುದೇ ವಾಸಿ. ‘ಇಗ್ನೋರ್’ ಎಂದು ಬಾಯಿ ಮುಚ್ಚಿಸಿದರೆ ಊರು ಅರ್ಧವಾದದ್ದು ಯಾರಿಗೂ ತಿಳಿಯುವುದಿಲ್ಲ. ಕನ್ನಡವರಿಯದ ಆಸ್ಕಿಗೆ ‘ರಿಪ್ಲೇಸ್’ ಹೇಳಿ ತುರುಕಿದರಂತೂ ಸಾಲಾಗಿ ಹನ್ನೊಂದು ಪ್ರಶ್ನಾರ್ಥಕ ಚಿಹ್ನೆ.

ಹೊನ್ನಾವರದ ತಕರಾರು ಸೂಕ್ಷ್ಮ. ‘ಹೊ’ ಅನ್ನು ಹಕಾರಕ್ಕೆ ಒಂದೇ ಒತ್ವ ಕೊಟ್ಟು ಬರೆಯಬಹುದು; ಎತ್ವ ಮತ್ತು ದೀರ್ಘ ಕೊಂಬು, ಎರಡು ಸಂಕೇತ ಸೇರಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ಊರು, ಹೋಲಿಸಿದರೆ ಪೈಥಾನ್ ‘ಫಾಲ್ಸ್’ ಎನ್ನುತ್ತದೆ. ಎರಡನ್ನೂ ಯೂನಿಕೋಡ್‌ನ ಎನ್ಎಫ್‌ಸಿ ಎಂಬ ಏಕರೂಪಕ್ಕೆ ತಂದು ಹೋಲಿಸಿದರೆ ಜಗಳ ಮುಗಿಯುತ್ತದೆ.

ಮುಗಿಯದ ಜಗಳ ಸೊನ್ನೆಯದು. ಅನುಸ್ವಾರದ ಬದಲು ಕನ್ನಡದ ಅಂಕಿ ಸೊನ್ನೆಯನ್ನೇ ಒತ್ತುವವರಿದ್ದಾರೆ: ತೆ೦ಗಿನಗು೦ಡಿ. ಕಣ್ಣಿಗೆ ಕುಂದಿಲ್ಲ, ಹುಡುಕಿದರೆ ಊರಿಲ್ಲ. ಎನ್ಎಫ್‌ಸಿ ಇದನ್ನು ಮುಟ್ಟುವುದಿಲ್ಲ. ಅದರ ದೃಷ್ಟಿಯಲ್ಲಿ ಇವೆರಡಕ್ಕೂ ಸಂಬಂಧವೇ ಇಲ್ಲ. ಸೊನ್ನೆಗಳನ್ನೆಲ್ಲ ಒಟ್ಟಿಗೆ ಅನುಸ್ವಾರ ಮಾಡಹೋದರೆ ‘೧೦ ದೋಣಿ’ಗಳ ಲೆಕ್ಕ ಕೆಡುತ್ತದೆ, ಏಕೆಂದರೆ ಪೈಥಾನ್‌ನ ಇಂಟ್ ‘೧೦’ ಅನ್ನು ಸರಿಯಾಗಿಯೇ ಹತ್ತು ಎಂದು ಓದಬಲ್ಲದು. ಹಾಗಾಗಿ ಅಕ್ಷರದ ಬೆನ್ನಿಗೆ ಬಂದ ಸೊನ್ನೆಯನ್ನು ಮಾತ್ರ ಬದಲಿಸಿ, ಅಂಕಿಯ ಬೆನ್ನಿಗೆ ಬಂದದ್ದನ್ನು ಬಿಡುವ ನಿಯಮವನ್ನು ಪ್ರೋಗ್ರಾಂ ಬರೆಯುವವರೇ ಬರೆದುಕೊಳ್ಳಬೇಕು.