ಆಯಿಯ ಧರ್ಮಶಾಸ್ತ್ರ

ಹತ್ತಿಯ ಒಡಲಿಗೆ ರೇಷ್ಮೆಯ ಟೋಪ್‌ತೆನೆಯ ಸೆರಗನ್ನು ಎಳೆಗೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸಬಲ್ಲ ಇಳಕಲ್ಲಿನ ನೇಕಾರರಿಗೂ ತಲೆಮಾರುಗಳ ಅಭಿರುಚಿಗಳನ್ನು ಕೂಡಿಸುವ ವಿದ್ಯೆ ಸಿದ್ಧಿಸಿಲ್ಲವೆಂಬುದು, ಹುನಗುಂದದಿಂದ ಬಾದಾಮಿಗೆ ಹೊರಟ ಆಯಿ-ಮೊಮ್ಮಗಳ ಸಂವಾದವನ್ನು ಬಸ್ಸಿನಲ್ಲಿ ಆಲಿಸಿದವರಿಗೆಲ್ಲ ಸುವಿದಿತವಾಯಿತು.

“ಗುಳೇದಗುಡ್ಡದ ಖಣ ಅಂದ್ರ ಉಡಿ ತುಂಬೂದು. ಅದರಾಗ ತೋಳಿಲ್ಲದ ಅಂಗಿ ಹೊಲಿಸೀಯಲ್ಲ!”

“ತೋಳಷ್ಟ ಇಲ್ಲ ಆಯಿ, ಖಣ ಐತಲ್ಲ.”

“ಕೆಳಗ ಹರಕ ಪ್ಯಾಂಟ ಬ್ಯಾರೆ! ನಾವು ಹರಕ ಅರಿವಿ ಕೌದಿಗೆ ಹಚ್ಚತಿದ್ವಿ. ನೀವು ರೊಕ್ಕ ಕೊಟ್ಟ ತರತೀರಿ.”

“ನಿಮ್ಮತ್ತಿ ನಿನಗ ಏನೂ ಅಂದಿಲ್ಲೇನ?”

ವೃದ್ಧೆ ಕಿಂಚಿತ್ ವಿಚಲಿತಳಾದಳು. ಏಕೆಂದರೆ ಆಕೆ ಕಚ್ಚೆಯನ್ನು ತ್ಯಜಿಸಿ ನಿರಿಗೆಯ ಸೀರೆಯನ್ನುಟ್ಟ ದಿನ, ಕುಲಗೌರವವು ಮಲಪ್ರಭೆಯಲ್ಲಿ ಕೊಚ್ಚಿಹೋಯಿತೆಂದು ವಿಲಪಿಸುತ್ತ ಅತ್ತೆಯವರು ಅನ್ನತ್ಯಾಗವನ್ನೇ ಮಾಡಿದ್ದರು.

ಕ್ರಿ.ಶ. 578ರ ಶಾಸನವುಳ್ಳ ಬಾದಾಮಿಯ ಮೂರನೆಯ ಗುಹೆಯಲ್ಲಿ, ಕಂಬದ ಮೇಲಿನ ದಂಪತಿಶಿಲ್ಪಗಳನ್ನು ಮೊಮ್ಮಗಳು ನಿರ್ದೇಶಿಸಿದಳು.

“ಇವರ ಮೈಮ್ಯಾಲ ಅರಿವಿಗಿಂತ ಒಡವಿನ ಹೆಚ್ಚ ಅದಾವಲ್ಲ!”

“ಅವರು ಕಲ್ಲಿನ ಮಂದಿ. ಅವರಿಗೆ ಬೀಗರಿಲ್ಲ, ಓಣ್ಯಾಗ ಅಡ್ಡಾಡೂದಿಲ್ಲ.”

ಚಾಲುಕ್ಯರ ಸಾಕ್ಷ್ಯವೂ ಹೀಗೆ ತಿರಸ್ಕೃತವಾಗಲು, ಮೊಮ್ಮಗಳು ಮೊಬೈಲಿನಲ್ಲಿ ತನ್ನ ತಾಯಿಯ ಚಿತ್ರವನ್ನು ತೋರಿಸಿದಳು: ಬಾಗಲಕೋಟೆಯ ಸಂತೆಯಲ್ಲಿ ನೈಟಿ, ಅದರ ಮೇಲೆ ಲಜ್ಜಾನಿವಾರಣಾರ್ಥವಾಗಿ ಒಂದು ಟವೆಲ್, ಕೈಯಲ್ಲಿ ಬದನೆಕಾಯಿ.

“ಅಯ್ಯ ಶಿವನ! ಸೊಸಿ ಹಿಂಗ ಸಂತಿಗೆ ಹೋಗತಾಳೇನ?”

“ನನಗೂ ನಾಚಿಕಿ ಬರತೈತಿ ಆಯಿ.”

ಪ್ರಥಮ ಬಾರಿಗೆ ಉಭಯರಲ್ಲೂ ಸಂಪೂರ್ಣ ಮತೈಕ್ಯ ಉಂಟಾಯಿತು. ಅನುಪಸ್ಥಿತಳಾದ ಮೂರನೆಯವಳೊಬ್ಬಳು ದೊರೆತರೆ ಸಂಸ್ಕೃತಿಯ ರಕ್ಷಣೆಗೆ ಎರಡು ತಲೆಮಾರುಗಳು ಎಷ್ಟು ಸುಲಭವಾಗಿ ಕಟಿಬದ್ಧವಾಗುತ್ತವೆ!